ಒಣಮೀನು ಸಂಘಕ್ಕೆ 3 ಲಕ್ಷ ಸಾಲ: ತಿಂಗಳ ಕಂತು ತಗೊಳ್ಳಬೇಕೋ, ಸಿಸಿ (ನಗದು ಸಾಲ ಮಿತಿ) ಖಾತೆಯೋ?

ಅಂಕೋಲಾ ಎಂಬಿಕೆ (ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ) ಕೇಳಿದ್ದು; ಉತ್ತರ ಕೊಟ್ಟವರು 'ಲೆಕ್ಕದ ಪುಸ್ತಕ', 'ತದಡಿ ದಡ', 'ಶಿರಸಿ ಕಡೆಯವ' ಎಂಬ ಹೆಸರಿನವರು:

ನಮ್ಮ ಒಕ್ಕೂಟದ ಒಂದು ಸಂಜೀವಿನಿ ಸ್ವಸಹಾಯ ಸಂಘದಲ್ಲಿ 12 ಮಹಿಳೆಯರಿದ್ದಾರೆ. 7 ಜನ ಒಣಮೀನು ಮಾಡುವವರು, 5 ಜನ ಬುಟ್ಟಿ ಹೊತ್ತು ಹಸಿಮೀನು ಮಾರುವವರು. ವಾರಕ್ಕೆ ತಲಾ 100 ರೂಪಾಯಿ ಉಳಿತಾಯ, ವರ್ಷದಲ್ಲಿ ಒಂದು ವಾರವೂ ತಪ್ಪಿಲ್ಲ. ಬ್ಯಾಂಕಿನವರು 3 ಲಕ್ಷ ಕೊಡಲು ಒಪ್ಪಿದ್ದಾರೆ: ಶೇ. 7 ಬಡ್ಡಿ, 36 ತಿಂಗಳು, ತಿಂಗಳಿಗೆ 9,263 ರೂಪಾಯಿ ಕಂತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳ ಕಂತಿಗಾಗಿ ಫೈನಾನ್ಸಿನಲ್ಲಿ ಮತ್ತೊಂದು ಸಾಲ ಎತ್ತುವ ಹಾಗಾಗಬಾರದು. ಮೂವರಿಗೆ ಈಗಲೇ ಫೈನಾನ್ಸಿನ ವಾರದ ಕಂತಿದೆ. ಬ್ಯಾಂಕಿನಲ್ಲಿ ಏನೆಂದು ಕೇಳಬೇಕು?

ಲೆಕ್ಕದ ಪುಸ್ತಕ:

ಮೊದಲು ಸಂಘದ ಬಲ ನೋಡಿ. 12 ಜನ, ವಾರಕ್ಕೆ 100, 52 ವಾರ ಅಂದರೆ 62,400 ರೂಪಾಯಿ. ಮೊದಲ ಸಾಲಕ್ಕೆ ಸಂಘದ ಸ್ವಂತ ನಿಧಿಯ ಆರು ಪಟ್ಟು ಎಂಬ ಲೆಕ್ಕ ಹಿಡಿದರೆ 3,74,400 ಆಗುತ್ತದೆ. 3 ಲಕ್ಷ ಕೇಳುವುದು ನಿಮ್ಮ ಹಕ್ಕಿನೊಳಗೇ ಇದೆ, ಕೈಕಟ್ಟಿ ನಿಲ್ಲಬೇಕಾಗಿಲ್ಲ. 10 ಲಕ್ಷದ ತನಕ ಸ್ವಸಹಾಯ ಸಂಘದ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಸಂಘದ ಉಳಿತಾಯ ಖಾತೆಯ ಹಣ ತಡೆಹಿಡಿಯುವಂತಿಲ್ಲ, ಠೇವಣಿ ಇಡಿ ಎನ್ನುವಂತೆಯೂ ಇಲ್ಲ. ಎಷ್ಟೋ ಸಂಘಗಳು ಸೋಲುವುದು ಇಲ್ಲೇ: ಸಾಲ ಕೈಗೆ ಬರುತ್ತದೆ, ಉಳಿತಾಯ ಬ್ಯಾಂಕಿನಲ್ಲೇ ಸಿಕ್ಕಿಬೀಳುತ್ತದೆ, ಆಮೇಲೆ ಆಸ್ಪತ್ರೆ ಖರ್ಚಿಗೆ ಸಂಘದೊಳಗೆ ಆಂತರಿಕ ಸಾಲ ಹುಟ್ಟುವುದಿಲ್ಲ.

ಕಂತಿನ ವಿಷಯ. ಹಸಿಮೀನು ಮಾರುವ ಐವರಿಗೆ ಜೂನ್, ಜುಲೈ ಬರಗಾಲ ನಿಜ. ಅವರ ಪಾಲಿಗೆ ವರ್ಷಕ್ಕೆ 10 ಅಸಲಿನ ಕಂತು, ಆ ಎರಡು ತಿಂಗಳು ಬರೀ ಬಡ್ಡಿ ಎಂದು ಕೇಳಿ. ಇಡೀ 3 ಲಕ್ಷಕ್ಕೇ ಹಾಗೆ ಮಾಡಿದರೂ ನೋಡಿ: ಆಗಸ್ಟಿನಲ್ಲಿ ಹಣ ಎತ್ತಿ, ಸೆಪ್ಟೆಂಬರಿನಿಂದ ಮೇ ತನಕ ತಿಂಗಳಿಗೆ 10,000 ಅಸಲು ಕಟ್ಟಿದರೆ ಉಳಿಯುವುದು 2,10,000. ಅದರ ಒಂದು ತಿಂಗಳ ಬಡ್ಡಿ 1,225, ತಲೆಗೆ ಸುಮಾರು 102 ರೂಪಾಯಿ. ಮಳೆಗಾಲದಲ್ಲೂ ಇಷ್ಟು ಹುಟ್ಟಿಸಬಹುದು.

ಕೋಲ್ಕತ್ತಾದಲ್ಲಿ ಒಂದು ಪ್ರಯೋಗ ನಡೆದಿತ್ತು. ಸಾಲ ಕೊಟ್ಟ ಎರಡೇ ವಾರಕ್ಕೆ ಕಂತು ಶುರು ಮಾಡುವ ಬದಲು ಕೆಲವರಿಗೆ ಎರಡು ತಿಂಗಳು ಬಿಟ್ಟರು. ಅವರು ವ್ಯಾಪಾರಕ್ಕೆ ಹೆಚ್ಚು ಹಣ ಹೂಡಿದರು, ಮೂರು ವರ್ಷದ ನಂತರವೂ ಲಾಭ ಹೆಚ್ಚಿತ್ತು. ಜೊತೆಗೆ ಸುಸ್ತಿಯೂ (ಸಾಲ ಕಟ್ಟದೆ ಬಾಕಿ ಉಳಿಯುವುದು) ಹೆಚ್ಚಿತು. ಅದಕ್ಕೇ ಬಡ್ಡಿಯನ್ನೂ ವಾರದ ಉಳಿತಾಯವನ್ನೂ ಮಳೆಗಾಲದಲ್ಲಿ ನಿಲ್ಲಿಸಬೇಡಿ ಎನ್ನುವುದು.

ತದಡಿ ದಡ:

ಮೇಲಿನ ಲೆಕ್ಕ ಹಸಿಮೀನಿಗೆ ಸರಿ, ಒಣಮೀನಿಗೆ ಹೊಂದುವುದಿಲ್ಲ. ಒಣಮೀನಿನವರಿಗೆ ಕೈ ಬರಿದಾಗುವುದು ಜೂನ್‌ನಲ್ಲಿ ಅಲ್ಲ, ಜನವರಿಯಿಂದ ಮಾರ್ಚ್ ನಡುವೆ. ಬಿಸಿಲಿರುವಾಗಲೇ ಬಂಗಡೆ, ತಾರ್ಲೆ ಖರೀದಿಸಬೇಕು. ಹಣವೆಲ್ಲ ಉಪ್ಪು ಹಚ್ಚಿದ ಮೀನಾಗಿ ಮನೆಯ ಮೂಲೆಯಲ್ಲಿ ಕೂತಿರುತ್ತದೆ. ಮಳೆಗಾಲಕ್ಕೆಂದು ಜನ ಒಣಮೀನು ಕಟ್ಟಿಡುವುದು ಏಪ್ರಿಲ್, ಮೇ ಹೊತ್ತಿಗೆ. ನಡುವೆ ಕಂತು ಬಂತೆಂದರೆ ಫೆಬ್ರವರಿಯಲ್ಲೇ ಅಗ್ಗಕ್ಕೆ ಮಾರಬೇಕು. ಲಾಭ ವ್ಯಾಪಾರಿಗೆ ಹೋಗುತ್ತದೆ, ಸಾಲ ಹೆಂಗಸರ ತಲೆಯ ಮೇಲೆ ಉಳಿಯುತ್ತದೆ.

ಹಾಗಾಗಿ ತಿಂಗಳ ಕಂತಿನ ಅವಧಿ ಸಾಲ ಬೇಡ, ಮೂರು ವರ್ಷದ ಸಿಸಿ ಖಾತೆ ಕೇಳಿ. ಬೇಕಾದಾಗ ತೆಗೆದು, ಮಾರಾಟವಾದಾಗ ತುಂಬುವುದು. 3 ಲಕ್ಷ ವರ್ಷವಿಡೀ ಬಳಸಿದರೆ ಬಡ್ಡಿ 21,000; ಜನವರಿಯಿಂದ ಮೇ ತನಕ ಐದೇ ತಿಂಗಳು ಬಳಸಿದರೆ 8,750. ಆದರೆ ಮಂಜೂರಾದ ದಿನವೇ ಪೂರ್ತಿ ಎತ್ತಿ ಹನ್ನೆರಡು ಪಾಲು ಮಾಡಿ ಹಂಚಿದರೆ ಸಿಸಿ ಎಂಬುದು ಹೆಸರಿಗೆ ಮಾತ್ರ. ಸಮಪಾಲು ನ್ಯಾಯದಂತೆ ಕಾಣುತ್ತದೆ, ಸಂಘಗಳನ್ನು ಮುಳುಗಿಸುವುದೂ ಅದೇ. ಯಾರಿಗೆ ಯಾವ ತಿಂಗಳು ಎಷ್ಟು ಬೇಕು ಎಂಬುದನ್ನು ಕಿರು ಸಾಲ ಯೋಜನೆಯಲ್ಲಿ (ಸಾಲಕ್ಕಾಗಿ ಸಂಘ ತಯಾರಿಸುವ ಪಟ್ಟಿ) ಹೆಸರು ಹಿಡಿದು ಬರೆಯಿರಿ.

ಸ್ವಲ್ಪ ಹಣ ಚಪ್ಪರಕ್ಕೆ ಇಡಲೇಬೇಕು. ಮರಳ ಮೇಲೆ ಹರವಿದ ಮೀನಿಗೆ ಮರಳೇ ಶತ್ರು. ಮೀನು ಮಾರುವಾಗ ಗಿರಾಕಿ ಉಗುರಲ್ಲಿ ಕಿವಿರು ಎತ್ತಿ ನೋಡುತ್ತಾನೆ, ಮರಳು ಕಂಡರೆ ಅಲ್ಲೇ ದರ ಇಳಿಯಿತು. ಅಡಿಕೆ ದಬ್ಬೆಯಲ್ಲಿ ಸೊಂಟದೆತ್ತರದ ಅಟ್ಟ ಕಟ್ಟಿ ಬಲೆ ಹಾಸಿ, ರಾತ್ರಿ ಇಬ್ಬನಿಗೆ ತಾಡಪಾಲು ಮುಚ್ಚಿ. ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು. ಅರೆಬರೆ ಒಣಗಿದ್ದನ್ನು ಚೀಲಕ್ಕೆ ತುಂಬಿದರೆ ತಿಂಗಳೊಳಗೆ ಕೆಂಪು ಕಲೆ ಬೀಳುತ್ತದೆ, ಬೂಸ್ಟು ಹಿಡಿಯುತ್ತದೆ. ಮೇ ತಿಂಗಳಲ್ಲಿ ಅರ್ಧ ಬೆಲೆಗೂ ಹೋಗುವುದಿಲ್ಲ. ಸಂಘ ಸುಸ್ತಿ ಆಯಿತು ಎಂದು ಬ್ಯಾಂಕಿನಲ್ಲಿ ಬರೆದುಕೊಳ್ಳುವುದರ ಹಿಂದೆ ಎಷ್ಟೋ ಸಲ ಇಂಥ ನಾಲ್ಕು ಚೀಲ ಮೀನು ಇರುತ್ತದೆ.

ಶಿರಸಿ ಕಡೆಯವ:

ಘಟ್ಟದ ಮೇಲಿನದೂ ಒಂದು ಮಾತು. ಇಲ್ಲಿ ಅಡಿಕೆ ತೋಟದವರಿಗೆ ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುತ್ತದೆ. 2023-24ರಲ್ಲಿ ಸರ್ಕಾರ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಆ ಸಾಲಕ್ಕೆ ಬೇಕಾದದ್ದು ಪಹಣಿ. ಅದೇ ತೋಟದ ಕೂಲಿಗೆ, ಅರಣ್ಯ ಅತಿಕ್ರಮಣದ ಜಾಗದಲ್ಲಿ ತಲೆಮಾರಿನಿಂದ ಸಾಗುವಳಿ ಮಾಡಿಯೂ ಪಟ್ಟಾ ಸಿಗದವರಿಗೆ ಪಹಣಿ ಎಲ್ಲಿಂದ ಬರಬೇಕು? ಎಲ್ಲಕ್ಕಿಂತ ಬಡವರೇ ಎಲ್ಲಕ್ಕಿಂತ ದುಬಾರಿ ಬಡ್ಡಿ ಕಟ್ಟುವುದು ಹೀಗೆ. ಬಡತನ ಇಳಿಸುವುದಕ್ಕೆಂದು ಕೊಡುವ ಸಾಲ ಮೊದಲು ದಾಟಬೇಕಾದ ಹಳ್ಳ ಇದು. ಭೂಮಿ ಇಲ್ಲದವರು 4ರಿಂದ 10 ಜನ ಸೇರಿ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡರೆ ಹೈನುಗಾರಿಕೆಗೆ ಪಹಣಿ ಇಲ್ಲದೆಯೂ ಸಾಲ ಕೇಳಬಹುದು. ಎರಡು ಹಸುವಿನ ಸಾಲವಾದರೆ ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ, ಎರಡನೆಯದು ಐದಾರು ತಿಂಗಳ ಮೇಲೆ. ಒಟ್ಟಿಗೆ ಕರೆಯುವ ಹಸುಗಳು ಒಟ್ಟಿಗೇ ಬತ್ತುತ್ತವೆ, ಕಂತು ಬತ್ತುವುದಿಲ್ಲ.

ಲೆಕ್ಕದ ಪುಸ್ತಕ:

ತದಡಿಯವರು ಹೇಳಿದ್ದು ಸರಿ, ಒಣಮೀನಿಗೆ ಸಿಸಿಯೇ ಆಗಬೇಕು. ಫೈನಾನ್ಸ್ ಸಾಲ ಇರುವ ಮೂವರ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಅವರ ಚೀಟಿಯಲ್ಲಿ 'ಶೇ. 12' ಎಂದಿದ್ದರೆ ಫ್ಲಾಟ್ ಬಡ್ಡಿಯೇ (ಬಾಕಿ ಇಳಿದರೂ ಮೊದಲಿನ ಪೂರ್ತಿ ಅಸಲಿನ ಮೇಲೇ ಹಾಕುವ ಬಡ್ಡಿ) ಎಂದು ನೋಡಿ. 50,000ಕ್ಕೆ ಎರಡು ವರ್ಷಕ್ಕೆ 12,000 ಬಡ್ಡಿ ಸೇರಿಸಿ ತಿಂಗಳಿಗೆ 2,583 ಕಟ್ಟಿಸಿಕೊಂಡರೆ, ಇಳಿಯುವ ಬಾಕಿಯ ಮೇಲೆ ಅದು ಸುಮಾರು ಶೇ. 21.6 ಬೀಳುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಸಂಘದ ಆಂತರಿಕ ಸಾಲದಿಂದ ಮೊದಲು ಆ ಮೂರನ್ನು ತೀರಿಸಿ, ಬಾಕಿ ಇಲ್ಲ ಎಂಬ ಪತ್ರ ಕೈಗೆ ತಗೊಳ್ಳಿ, ಆಮೇಲೆ ಬ್ಯಾಂಕಿನ ಹಣ ಮುಟ್ಟಿ.

ಅಂಕೋಲಾ ಎಂಬಿಕೆ:

ತುಂಬ ಉಪಕಾರವಾಯಿತು. ಠರಾವಿನಲ್ಲಿ ಹೇಗೆ ಬರೆಯಬೇಕು?

ತದಡಿ ದಡ:

ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಸಿ, ಅಕ್ಕ: 'ಸಂಘವು ಮೂರು ವರ್ಷದ ಅವಧಿಗೆ ನಗದು ಸಾಲ ಮಿತಿಯನ್ನು ಕೋರುತ್ತದೆ. ಒಣಮೀನು ಸದಸ್ಯರು ಜನವರಿಯಿಂದ ಹಣ ಪಡೆದು ಜೂನ್ 30ರೊಳಗೆ ಮರುತುಂಬತಕ್ಕದ್ದು. ಹಸಿಮೀನು ಸದಸ್ಯರು ಜೂನ್, ಜುಲೈಯಲ್ಲಿ ಬಡ್ಡಿ ಮಾತ್ರ ತುಂಬತಕ್ಕದ್ದು.' ಕೆಳಗೆ ಹನ್ನೆರಡೂ ಜನರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಒಂದು ಪ್ರತಿಗೆ ಬ್ಯಾಂಕಿನ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಕಡತದಲ್ಲಿಡಿ. ಮ್ಯಾನೇಜರ್ ಬದಲಾದಾಗ ಅದೇ ಕೈಹಿಡಿಯುವುದು.