ಹಳೆಯ ನುಡಿ ಫೈಲುಗಳನ್ನು ಉಳಿಸಿಕೊಳ್ಳುವುದು ಹೇಗೆ, ಮುಂದಿನ ಟೈಪಿಂಗಿಗೆ ಯಾವ ಕೀಲಿಮಣೆ ಕಲಿಯಬೇಕು?

ಸಿಂಧನೂರಿನ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಶಿಕ್ಷಕಿ. ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಯವರು ಹಾಡುವ ತತ್ವಪದಗಳನ್ನೂ ಮೊಹರಂ ದಿನಗಳಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಹಾಡುವ, ಕರ್ಬಲಾದ ಕಥೆ ಹೇಳುವ ರಿವಾಯತ ಪದಗಳನ್ನೂ ಕೆಲಸದಲ್ಲಿದ್ದ ಕಾಲದಿಂದಲೂ ಕೇಳಿ ಬರೆದುಕೊಳ್ಳುತ್ತಾ ಬಂದಿದ್ದೇನೆ. ಅವು ಆರು ನೋಟುಪುಸ್ತಕಗಳಷ್ಟಾಗಿವೆ. ಮೊದಲ ಎರಡನ್ನು 2009ರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿ.ಡಿ.ಯಲ್ಲಿ ಇರಿಸಿಕೊಂಡಿದ್ದೆ. ಅಂಗಡಿ ಈಗ ಮುಚ್ಚಿದೆ. ಕಳೆದ ವಾರ ಮಗನ ಕಂಪ್ಯೂಟರಿನಲ್ಲಿ ಆ ಫೈಲುಗಳನ್ನು ತೆರೆದಾಗ ಕನ್ನಡದ ಒಂದು ಅಕ್ಷರವೂ ಕಾಣಲಿಲ್ಲ. ಇಂಗ್ಲಿಷಿನ ಪಿ, ಕ್ಯೂ, ತಲೆಯ ಮೇಲೆ ಗೀಟುಗಳಿರುವ ಎ, ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ ಪುಟದ ತುಂಬ ಅರ್ಥವಿಲ್ಲದ ಗುರುತುಗಳೇ ಇದ್ದವು. ಆ ಪದಗಳನ್ನು ಹಾಡಿದವರಲ್ಲಿ ಇಬ್ಬರು ಹಿರಿಯರು ಈಗ ನಮ್ಮೊಂದಿಗಿಲ್ಲ, ಒಂದು ನೋಟುಪುಸ್ತಕ ನೀರು ಬಿದ್ದು ಹಾಳಾಗಿದೆ, ಆದ್ದರಿಂದ ಆ ಸಿ.ಡಿ.ಯನ್ನು ನೆನೆದರೆ ಎದೆ ಹಿಂಡಿದಂತಾಗುತ್ತದೆ.

ನನ್ನ ಪ್ರಶ್ನೆಗಳು ಮೂರು. ಆ ಫೈಲುಗಳಲ್ಲಿರುವುದನ್ನು ಮರಳಿ ಕನ್ನಡಕ್ಕೆ ತರಲು ಸಾಧ್ಯವೇ? ಉಳಿದ ನಾಲ್ಕು ಪುಸ್ತಕಗಳನ್ನು ನಾನೇ ಟೈಪ್ ಮಾಡಬೇಕೆಂದಿದ್ದೇನೆ, ಅದಕ್ಕೆ ಯಾವ ಕೀಲಿಮಣೆ ಕಲಿಯುವುದು ಒಳ್ಳೆಯದು? ಸದ್ಯ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಉಚ್ಚಾರವನ್ನು ಬರೆದು ಅದು ಕನ್ನಡವಾಗುವ ವಿಧಾನವನ್ನು ಬಳಸುತ್ತಿದ್ದೇನೆ. ಆದರೆ ‘ಳ’ ಬೇಕಾದಲ್ಲಿ ‘ಲ’ ಬರುತ್ತದೆ, ತಿದ್ದುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಕೊನೆಯದಾಗಿ, ತೆಲುಗು ಮಾತಿನ ರೈತರು ನೆಲೆಸಿರುವ ನಮ್ಮ ಕ್ಯಾಂಪುಗಳ ಕಡೆ ಸಂಗ್ರಹಿಸಿದ ಒಂದು ಪುಸ್ತಕದಲ್ಲಿ ತೆಲುಗು ಪದಗಳೂ ಇವೆ. ಅವನ್ನು ತೆಲುಗು ಲಿಪಿಯಲ್ಲೇ ಟೈಪ್ ಮಾಡಲು ಬೇರೆ ವಿದ್ಯೆಯನ್ನೇ ಕಲಿಯಬೇಕೇ?

ಗಂಗಾವತಿ ಡಿಟಿಪಿ:

ನಮಸ್ಕಾರ ಮೇಡಂ. ಗಂಗಾವತಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಣ್ಣಪುಟ್ಟ ಪುಸ್ತಕಗಳ ಅಕ್ಷರಜೋಡಣೆ ಮಾಡಿಕೊಂಡು ಬಂದಿದ್ದೇನೆ. ಮೊದಲಿಗೆ ಧೈರ್ಯ ತಂದುಕೊಳ್ಳಿ, ನಿಮ್ಮ ಪದಗಳು ಕಳೆದುಹೋಗಿಲ್ಲ. ನೀವು ವರ್ಣಿಸಿರುವ ಗುರುತುಗಳನ್ನು ನೋಡಿದರೆ ಅದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ಫೈಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಆದ ಸಂಖ್ಯೆ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಯುರೋಪಿನ ಚಿಹ್ನೆಗಳ ಜಾಗದಲ್ಲಿ ನಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸಿರುತ್ತಿದ್ದರು. ‘ಕ’ ಬೇಕೆಂದರೆ ದೊಡ್ಡ ಪಿ ಮತ್ತು ಗೀಟಿರುವ ದೊಡ್ಡ ಎ ಎಂಬ ಎರಡು ತುಂಡು, ‘ನ’ ಬೇಕೆಂದರೆ ಪೌಂಡಿನ ಚಿಹ್ನೆ ಮತ್ತು ಅದೇ ಎ. ನಿಮ್ಮ ಮಗನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿರುವುದರಿಂದ ಅಡಿಯಲ್ಲಿದ್ದ ಪೌಂಡು ಮೇಲೆ ಬಂದು ಕಾಣಿಸಿಕೊಂಡಿದೆ, ಅಷ್ಟೇ.

ಆದ್ದರಿಂದ ಮೊದಲು ಸಿ.ಡಿ.ಯಲ್ಲಿರುವುದನ್ನು ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡಿಕೊಳ್ಳಿ, ಏಕೆಂದರೆ ಅಷ್ಟು ಹಳೆಯ ಸಿ.ಡಿ.ಯ ಮೇಲೆ ಇನ್ನು ಭಾರ ಹಾಕಬಾರದು. ಆಮೇಲೆ ನುಡಿಯನ್ನು ಸ್ಥಾಪಿಸಿದರೆ ಅದರ ಫಾಂಟುಗಳೊಡನೆ ಪುಟಗಳು ಕನ್ನಡದಲ್ಲಿ ಕಾಣುತ್ತವೆ. ಕಂಡರೆ ಸಾಲದು, ಅವನ್ನು ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿರುವ ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿಯ ಜೊತೆಯಲ್ಲೇ ಪರಿವರ್ತಕ ಬರುತ್ತದೆ, ಬರಹ ತಂತ್ರಾಂಶದಲ್ಲೂ ಅಂಥದ್ದೊಂದು ಇದೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಪ್ರತಿಯೊಂದು ಶಬ್ದವನ್ನೂ ಕಣ್ಣಿಟ್ಟು ನೋಡಲೇಬೇಕು. ಹಳೆಯ ವಿಧಾನದಲ್ಲಿ ಅರ್ಕಾವೊತ್ತಿನ ಗುರುತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ. ಈ ಅದಲುಬದಲಿನಲ್ಲಿ ಪರಿವರ್ತಕ ಎಡವಿದರೆ ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ ಆಗುತ್ತದೆ. ನಿಮ್ಮ ರಿವಾಯತ ಪದಗಳಲ್ಲಿ ‘ಕರ್ಬಲಾ’ ಎಷ್ಟು ಸಲ ಬರುತ್ತದೋ ಅಷ್ಟೂ ಕಡೆ ‘ಕಬರ್ಲಾ’ ಆಗಿರಬಹುದು, ಅದನ್ನು ಒಮ್ಮೆಗೇ ಹುಡುಕಿ ಬದಲಾಯಿಸಬಹುದು. ಫೈಲಿನೊಳಗೆ ಎಲ್ಲಾದರೂ ನಿಜವಾದ ಇಂಗ್ಲಿಷ್ ಶಬ್ದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ಎಣಿಸಿ ಕೆಡಿಸುವ ಸಂಭವವಿದೆ.

ಕೀಲಿಮಣೆಯ ವಿಷಯದಲ್ಲಿ ನನ್ನ ಮಾತು ಸ್ಪಷ್ಟ. ಕಗಪ ವಿನ್ಯಾಸವನ್ನು ಕಲಿಯಿರಿ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತು ನುಡಿಯ ಮೂಲಕ ರಾಜ್ಯದ ಕಚೇರಿಗಳಿಗೆಲ್ಲ ತಲುಪಿಸಿದ ವಿನ್ಯಾಸ ಅದು. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಕೆ ಒತ್ತಿದರೆ ‘ಖ’, ಎಲ್ ಒತ್ತಿದರೆ ‘ಲ’, ಶಿಫ್ಟ್ ಹಿಡಿದರೆ ‘ಳ’. ಒತ್ತಕ್ಷರ ಕೂಡಿಸಲು ಎಫ್. ಬೇರೆಯಾಗಿ ನೆನಪಿಡಬೇಕಾದವು ಕೆಲವೇ: ಕ್ಯೂ ಎಂಬುದು ‘ಟ’, ಡಬ್ಲ್ಯೂ ಎಂಬುದು ‘ಡ’, ಎಕ್ಸ್ ಎಂಬುದು ‘ಷ’. ‘ಕನ್ನಡ’ ಎಂದು ಬರೆಯಲು ಐದೇ ಒತ್ತು ಸಾಕು, ನೀವು ಈಗ ಬಳಸುತ್ತಿರುವ ಇಂಗ್ಲಿಷ್ ಉಚ್ಚಾರದ ವಿಧಾನದಲ್ಲಿ ಏಳು ಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒತ್ತಿದ ಅಕ್ಷರವೇ ಬರುತ್ತದೆ. ಕಂಪ್ಯೂಟರು ನಿಮ್ಮ ಮನಸ್ಸನ್ನು ಊಹಿಸಲು ಹೋಗುವುದಿಲ್ಲ. ಹಳ್ಳಿಯ ಹಾಡಿನಲ್ಲಿ ‘ಮಸೂತಿ’ ಎಂದಿದ್ದರೆ ಅದು ‘ಮಸೀದಿ’ಯಾಗದೆ ‘ಮಸೂತಿ’ಯಾಗಿಯೇ ಉಳಿಯಬೇಕಲ್ಲವೇ?

ಬಳ್ಳಾರಿ ಪ್ರಯೋಗಾಲಯ:

ಗಂಗಾವತಿಯ ಅಣ್ಣನವರು ಹಳೆಯ ಫೈಲಿನ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಕೀಲಿಮಣೆಯ ವಿಷಯದಲ್ಲಿ, ವಿಶೇಷವಾಗಿ ಮೇಡಂ ಅವರ ತೆಲುಗು ಪುಸ್ತಕವನ್ನು ನೆನೆದು, ನನ್ನ ಅಭಿಪ್ರಾಯ ಬೇರೆಯೇ ಇದೆ. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅರ್ಜಿಗಳಲ್ಲಿ ಹಿಂದಿ ಎಂಬಂತೆ ಮೂರನ್ನೂ ಬಳಸುವವರು ಬಹಳ. ಅವರಿಗೆ ನಾನು ಕಲಿಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು.

ಅದು 1980ರ ದಶಕದಲ್ಲಿ ಭಾರತೀಯ ಲಿಪಿಗಳಿಗೆಂದೇ ರೂಪುಗೊಂಡದ್ದು, ಕೇಂದ್ರದ ಮಾನಕದಲ್ಲಿಯೂ ಸೇರಿದೆ. ಅದರ ಹಿಂದಿರುವ ಯೋಚನೆ ಸರಳ. ನಮ್ಮ ಲಿಪಿಗಳ ಆಕಾರ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ, ಹಾಗಾಗಿ ಒಂದು ಅಕ್ಷರಕ್ಕೆ ಎಲ್ಲ ಭಾಷೆಗಳಲ್ಲೂ ಒಂದೇ ಕೀಲಿ. ಸ್ವರಗಳು ಎಡಗೈಗೆ, ವ್ಯಂಜನಗಳಲ್ಲಿ ಹೆಚ್ಚಿನವು ಬಲಗೈಗೆ. ಹೆಚ್ ಕೀಲಿಯಲ್ಲಿ ‘ಪ’, ಜೆ ಕೀಲಿಯಲ್ಲಿ ‘ರ’, ಕೆ ಕೀಲಿಯಲ್ಲಿ ‘ಕ’, ಎಲ್ ಕೀಲಿಯಲ್ಲಿ ‘ತ’ ಇರುವುದರಿಂದ ಬಲಗೈ ಬೆರಳುಗಳು ಎಲ್ಲಿ ವಿರಮಿಸುತ್ತವೆಯೋ ಅಲ್ಲಿಯೇ ನಾವು ಪದೇಪದೇ ಬಳಸುವ ಅಕ್ಷರಗಳು ಸಿಗುತ್ತವೆ. ಒತ್ತಕ್ಷರಕ್ಕೆ ಡಿ. ಕನ್ನಡಕ್ಕೆ ಕೈ ಕೂಡಿದ ಮೇಲೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿಯನ್ನು ಒಟ್ಟಿಗೆ ಒತ್ತಿ ತೆಲುಗಿಗೆ ಹೋದರೆ ಬೆರಳು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಇನ್ನೊಂದು ಅನುಕೂಲವೆಂದರೆ ಇದಕ್ಕೆ ಯಾವ ತಂತ್ರಾಂಶವನ್ನೂ ತಂದು ಸ್ಥಾಪಿಸಬೇಕಾಗಿಲ್ಲ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿದರೆ ಅದರೊಡನೆ ಬರುವ ಮೂಲ ಕೀಲಿಮಣೆ ಇದೇ. ಲಿನಕ್ಸಿನಲ್ಲಿಯೂ ಇದೆ. ಕಗಪ ಬೇಕೆನ್ನುವವರಿಗೆ ಲಿನಕ್ಸಿನಲ್ಲಿ ಅದೂ ಸಿದ್ಧವಾಗಿಯೇ ಸಿಗುತ್ತದೆ, ವಿಂಡೋಸಿನಲ್ಲಿ ಮಾತ್ರ ಅದಕ್ಕಾಗಿ ನುಡಿಯಂಥದ್ದನ್ನು ಹಾಕಿಕೊಳ್ಳಬೇಕು. ವಿಂಡೋಸ್ 10ರ 2019ರ ಮೇ ಪರಿಷ್ಕರಣೆಯಲ್ಲಿ ಬಂದ ಫೊನೆಟಿಕ್ ಕೀಲಿಮಣೆಯು ಕಗಪ ಅಲ್ಲ, ಅದು ಮೇಡಂ ಅವರು ಈಗ ಬೇಸತ್ತಿರುವ ಇಂಗ್ಲಿಷ್ ಉಚ್ಚಾರದ ಜಾತಿಯದೇ.

ಮೊದಲ ಎರಡು ವಾರ ಕಷ್ಟವೆನಿಸುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರಕ್ಕೂ ಬರುವ ಕನ್ನಡ ಅಕ್ಷರಕ್ಕೂ ಸಂಬಂಧವಿರುವುದಿಲ್ಲ. ಆದರೆ ಆ ಸಂಬಂಧ ಹರಿದುಹೋಗುವುದೇ ಲಾಭ ಎಂದು ನಾನು ನಂಬಿದ್ದೇನೆ. ಕನ್ನಡದಲ್ಲಿ ಯೋಚಿಸುವವರು ಕನ್ನಡವನ್ನು ಬರೆಯಲು ನಡುವೆ ಇಂಗ್ಲಿಷ್ ಅಕ್ಷರವನ್ನು ಯಾಕೆ ಹಾದುಹೋಗಬೇಕು?

ಗಂಗಾವತಿ ಡಿಟಿಪಿ:

ಬಳ್ಳಾರಿಯವರ ತೆಲುಗಿನ ಮಾತು ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೂ ಕನ್ನಡ ಒಂದನ್ನೇ ಟೈಪ್ ಮಾಡುವವರಿಗೆ, ಅದರಲ್ಲೂ ನಮ್ಮ ಕಡೆಯ ಕಚೇರಿಗಳಲ್ಲಿ ಕೆಲಸ ಹುಡುಕುವ ಹುಡುಗರಿಗೆ, ನಾನು ಕಗಪವನ್ನೇ ಹೇಳುವವನು. ಅಲ್ಲಿಯ ಕುರ್ಚಿಯಲ್ಲಿ ಮೊದಲಿನಿಂದ ಕೂತಿರುವವರ ಕೈ ಅದಕ್ಕೇ ಒಗ್ಗಿದೆ.

ರಾಯಚೂರು ಕರಡು:

ರಾಯಚೂರಿನಲ್ಲಿ ಕರಡು ತಿದ್ದುವ ಕೆಲಸ ನನ್ನದು. ಟೀಚರ್ ಅವರೇ, ಇಬ್ಬರೂ ಹೇಳಿದ್ದರಲ್ಲಿ ನಿಮ್ಮ ಕೈಗೆ ಯಾವುದು ಹಿಡಿಸುತ್ತದೋ ಅದನ್ನು ಹಿಡಿಯಿರಿ. ಕೀಲಿಮಣೆ ಬೇರೆ, ಒಳಗೆ ಉಳಿಯುವ ಸಂಕೇತ ಬೇರೆ. 2009ರಲ್ಲಿ ನಿಮಗೆ ಮೋಸ ಮಾಡಿದ್ದು ಕೀಲಿಮಣೆಯಲ್ಲ, ಸಂಕೇತ. ಯೂನಿಕೋಡಿನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಸ್ಥಾನಗಳು ಮೀಸಲಾಗಿವೆ, ಅಲ್ಲಿ ‘ಕ’ ಎಂಬುದು ಯಾವ ಫಾಂಟಿನಲ್ಲಿಯೂ, ಯಾವ ಕಂಪ್ಯೂಟರಿನಲ್ಲಿಯೂ ‘ಕ’ವೇ. ತೆಲುಗಿನ ವಿಭಾಗ ಅದಕ್ಕೆ ಹಿಂದಿನದು, ಎರಡರ ಅಕ್ಷರಗಳೂ 128 ಸ್ಥಾನಗಳ ಅಂತರದಲ್ಲಿ ಒಂದಕ್ಕೊಂದು ಎದುರುಬದುರಾಗಿ ಕೂತಿವೆ. ಹೀಗಾಗಿ ತೆಲುಗು ಪದಗಳನ್ನು ನೀವು ಕನ್ನಡ ಲಿಪಿಯಲ್ಲಿಯೇ ಬರೆದಿಟ್ಟರೂ ಮುಂದೆ ಅವನ್ನು ತೆಲುಗು ಲಿಪಿಗೆ ತಿರುಗಿಸುವುದು ದೊಡ್ಡ ಕೆಲಸವಾಗುವುದಿಲ್ಲ.

ಕರಡಿನಲ್ಲಿ ನಾನು ಪ್ರತಿದಿನ ಎದುರಿಸುವ ಮೂರು ತೊಡಕುಗಳನ್ನು ಹೇಳುತ್ತೇನೆ. ಅನುಸ್ವಾರದ ‘ಂ’ ಬದಲಿಗೆ ಕನ್ನಡದ ಸೊನ್ನೆ ‘೦’ ಒತ್ತುವ ಅಭ್ಯಾಸ ಬಹಳ ಜನರಿಗಿದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಒಂದಲ್ಲ. ‘ಮೊಹರಂ’ ಎಂದು ಹುಡುಕಿದಾಗ ಸೊನ್ನೆ ಹಾಕಿದ ಪದ ಸಿಗುವುದೇ ಇಲ್ಲ. ನೀವು ಅಂಕಿಗಳನ್ನು 1, 2, 3 ಎಂದೇ ಬರೆಯುವವರಾದರೆ ಕೊನೆಗೊಮ್ಮೆ ಎಲ್ಲ ‘೦’ಗಳನ್ನು ‘ಂ’ಗೆ ಬದಲಾಯಿಸಿದರೆ ಮುಗಿಯಿತು. ಎರಡನೆಯದು ಒತ್ತು ಬೇಡವಾದ ಕಡೆ ಒತ್ತು ಬರುವುದು. ‘ಹಸನ್’ ಮತ್ತು ‘ಹುಸೇನ’ ಎಂಬುದನ್ನು ಹಾಡಿನ ಲಯಕ್ಕಾಗಿ ಕೂಡಿಸಿ ಬರೆದರೆ ‘ಹಸನ್ಹುಸೇನ’ ಆಗಿಬಿಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ವಿಭಾಜಕವನ್ನು ಇಟ್ಟರೆ ‘ಹಸನ್‌ಹುಸೇನ’ ಎಂದು ಉಳಿಯುತ್ತದೆ. ಕೀಲಿಮಣೆಯಲ್ಲಿ ಅದು ಸಿಗದಿದ್ದರೆ ವರ್ಡ್ ಅಥವಾ ಲಿಬ್ರೆಆಫೀಸಿನಲ್ಲಿ 200 ಎಂದು ಬರೆದು ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಸಿ ಹಾಕಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಆ ನಾಲ್ಕು ಗುರುತು ಹೋಗಿ ವಿಭಾಜಕ ಬರುತ್ತದೆ. ಮೂರನೆಯದು ಉರ್ದು ಮೂಲದ ಶಬ್ದಗಳದು. ಹಾಡುವವರು ಫ಼ಾತಿಮಾ ಎಂದು ಮೇಲಿನ ಹಲ್ಲಿಗೆ ಕೆಳತುಟಿ ತಾಗಿಸಿ ಹೇಳಿದ್ದನ್ನು ಹಾಗೆಯೇ ದಾಖಲಿಸಬೇಕೆಂದರೆ ಅಕ್ಷರದಡಿಯ ಚುಕ್ಕೆಗೂ ಯೂನಿಕೋಡಿನಲ್ಲಿ ಸ್ಥಾನವಿದೆ, ಅಕ್ಷರದ ನಂತರ ಅದನ್ನು ಒತ್ತಬೇಕು. ಎಲ್ಲ ಕಡೆ ಹಾಕಿರಿ ಅಥವಾ ಎಲ್ಲೂ ಹಾಕಬೇಡಿ.

ಪದಗಳ ಮೊದಲ ಸಾಲುಗಳ ಅಕಾರಾದಿ ಸೂಚಿಯನ್ನು ಪುಸ್ತಕದ ಕೊನೆಗೆ ಕೊಡುವ ಯೋಚನೆ ನಿಮಗಿದ್ದೇ ಇರುತ್ತದೆ. ಯೂನಿಕೋಡಿನಲ್ಲಿದ್ದರೆ ಲಿಬ್ರೆಆಫೀಸಿನಲ್ಲಿ ಭಾಷೆಯನ್ನು ಕನ್ನಡವೆಂದು ಆರಿಸಿ ಒಂದೇ ಆಜ್ಞೆಯಲ್ಲಿ ಅದನ್ನು ಜೋಡಿಸಬಹುದು. ಹಳೆಯ ಆಸ್ಕಿಯಲ್ಲಿದ್ದರೆ ‘ಕ’ವನ್ನು ಪಿ ಎಂದೂ ‘ನ’ವನ್ನು ಪೌಂಡ್ ಎಂದೂ ಎಣಿಸಿ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡುತ್ತದೆ.

ಸಿಂಧನೂರಿನ ಶಿಕ್ಷಕಿ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಸಿ.ಡಿ.ಯ ಫೈಲುಗಳನ್ನು ಮಗ ನಕಲು ಮಾಡಿಕೊಟ್ಟಿದ್ದಾನೆ, ನುಡಿ ಹಾಕಿದ ಕೂಡಲೇ ಮೊದಲ ಪುಟ ಕನ್ನಡದಲ್ಲಿ ತೆರೆದುಕೊಂಡಿತು. ಪರಿವರ್ತಿಸಿದ ಮೂವತ್ತು ಪುಟಗಳಲ್ಲಿ ‘ಕಬರ್ಲಾ’ ಹನ್ನೊಂದು ಕಡೆ ಸಿಕ್ಕಿತು, ‘ಧರ್ಮ’ವೂ ಎರಡು ಕಡೆ ‘ಧಮರ್’ ಆಗಿತ್ತು. ತೆಲುಗಿನ ಕಾರಣಕ್ಕಾಗಿ ನಾನು ಇನ್‌ಸ್ಕ್ರಿಪ್ಟನ್ನೇ ಆರಿಸಿಕೊಂಡು ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಆರಂಭಿಸಿದ್ದೇನೆ. ಈಗ ಉಳಿದಿರುವುದು ಒಂದೇ ಚಿಂತೆ. ಇಲ್ಲಿಯ ಮುದ್ರಣಾಲಯವೊಂದರಲ್ಲಿ ವಿಚಾರಿಸಿದಾಗ ಯೂನಿಕೋಡ್ ಬೇಡ, ಹಳೆಯ ನುಡಿ ಫಾಂಟಿನಲ್ಲೇ ಕೊಡಿ ಎಂದರು. ಮತ್ತೆ ಹಿಂದಕ್ಕೆ ಹೋಗಬೇಕೇ?

ಗಂಗಾವತಿ ಡಿಟಿಪಿ:

ಅವರು ಪುಟ ಜೋಡಿಸಲು ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶ ಬಳಸುತ್ತಿರಬೇಕು ಮೇಡಂ. ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ತಿಳಿಯುವುದಿಲ್ಲ, ನಮ್ಮಂಥ ಅಂಗಡಿಗಳಲ್ಲಿ ಇನ್ನೂ ಅದೇ ನಡೆದಿದೆ. ಪುಟಗಳನ್ನು ನೀವೇ ಲಿಬ್ರೆಆಫೀಸಿನಲ್ಲಿ ಪುಸ್ತಕದ ಅಳತೆಗೆ ಹೊಂದಿಸಿ, ನೋಟೋ ಸೆರಿಫ್ ಅಥವಾ ಗುಬ್ಬಿಯಂಥ ಯೂನಿಕೋಡ್ ಫಾಂಟಿನಲ್ಲಿ ಪಿಡಿಎಫ್ ಮಾಡಿಕೊಟ್ಟರೆ ಫಾಂಟು ಅದರೊಳಗೇ ಅಡಕವಾಗಿರುತ್ತದೆ, ಮುದ್ರಿಸಲು ಅವರಿಗೆ ಬೇರೇನೂ ಬೇಕಾಗುವುದಿಲ್ಲ. ಅದಕ್ಕೂ ಅವರು ಒಪ್ಪದಿದ್ದರೆ ಒಂದು ನಕಲನ್ನು ಮಾತ್ರ ಆಸ್ಕಿಗೆ ತಿರುಗಿಸಿ ಕೊಡಿ, ಅಲ್ಲಿ ಮಾಡಿದ ತಿದ್ದುಪಡಿಗಳನ್ನು ಅಂದಂದೇ ನಿಮ್ಮ ಯೂನಿಕೋಡ್ ಪ್ರತಿಯಲ್ಲಿಯೂ ಮಾಡಿಕೊಳ್ಳಿ. ಸಿ.ಡಿ.ಯಿಂದ ತೆಗೆದ ಮೂಲ ಫೈಲುಗಳನ್ನು ಅಳಿಸಬೇಡಿ. ಪರಿವರ್ತಕ ಎಲ್ಲಿಯಾದರೂ ಒಂದು ಸಾಲನ್ನು ಕೆಡಿಸಿದ್ದರೆ, ನೀರು ಬಿದ್ದ ಆ ನೋಟುಪುಸ್ತಕಕ್ಕೆ ಈಗ ಇರುವ ಸಾಕ್ಷಿ ಅದೊಂದೇ.