ಪದ ಬೇಕಿದೆ: ‘ಮಾಡ್ಯುಲರ್ ಆಸ್ಪತ್ರೆ’ (ಫಲಕ ನಾಳೆ ಅಚ್ಚಿಗೆ)

ನಮಸ್ಕಾರ. ನಮ್ಮೂರಿನ ಆಸ್ಪತ್ರೆಗೆ ಹೊಸ ಕಟ್ಟಡ ಬರುತ್ತಿದೆ. ವಾರ್ಡುಗಳನ್ನು ಕಾರ್ಖಾನೆಯಲ್ಲೇ ಕೋಣೆ ಕೋಣೆಯಾಗಿ ಮಾಡಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ ಜೋಡಿಸುತ್ತಾರೆ. ವೈರಿಂಗು, ನಲ್ಲಿ, ಆಕ್ಸಿಜನ್ ಕೊಳವೆ ಮೊದಲೇ ಒಳಗಿರುತ್ತವೆ. ‘ಸಸ್ಟೈನಬಲ್, ಲೋ-ಕಾರ್ಬನ್, ಮಾಡ್ಯುಲರ್ ಆಸ್ಪತ್ರೆ’ ಎಂಬುದು ಫಲಕಕ್ಕೆ ಕನ್ನಡದಲ್ಲಿ ಬೇಕು. ನನ್ನ ಕರಡು: ‘ಸುಸ್ಥಿರ, ಕಡಿಮೆ ಇಂಗಾಲದ, ಪೂರ್ವನಿರ್ಮಿತ ಆಸ್ಪತ್ರೆ’. ಸುತ್ತೋಲೆ ಓದಿದ ಹಾಗಿದೆ, ಮನಸ್ಸಿಗೆ ಹಿಡಿಸುತ್ತಿಲ್ಲ.

---

> ಸುಸ್ಥಿರ, ಪೂರ್ವನಿರ್ಮಿತ

ಎರಡೂ ಬೇಡ. ‘ಬಾಳಿಕೆಯ, ಇಂಗಾಲ ತಗ್ಗಿದ, ಬಿಡಿಜೋಡಣೆಯ ಆಸ್ಪತ್ರೆ’ ಎನ್ನಿ. ಮನೆಯಲ್ಲಿ ಪದ ಇರುವಾಗ ಎರವಲೇಕೆ?

---

‘ಬಾಳಿಕೆ’ ಕೂಡದು. ಕಾಂಕ್ರೀಟ್ ಕಟ್ಟಡವೂ ಬಾಳಿಕೆ ಬರುತ್ತದೆ. ಆದರೆ ಸಿಮೆಂಟಿಗಾಗಿ ಸುಣ್ಣಕಲ್ಲು ಸುಡುವಾಗ ಇಂಧನದ ಹೊಗೆಯ ಜತೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ; ಜಗತ್ತು ಹೊರಸೂಸುವ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 7–8. ‘ಸುಸ್ಥಿರ’ ಇರಲಿ. ಎರವಲಿನ ಮಾತಿಗೆ ಬಂದರೆ, ‘ಇಂಗಾಲ’ದ ಬೇರು ಸಂಸ್ಕೃತದ ಅಂಗಾರ, ‘ಆಸ್ಪತ್ರೆ’ ಹಾಸ್ಪಿಟಲ್ಲು ನಮ್ಮ ನಾಲಗೆಗೆ ಒಗ್ಗಿದ್ದು. ಅವನ್ನೂ ತೆಗೆಯುತ್ತೀರಾ?

‘ಕಡಿಮೆ ಇಂಗಾಲದ’ ಎನ್ನುವ ಬದಲು ‘ಇಂಗಾಲದ ಹೊರೆ ಕಡಿಮೆ’ ಎನ್ನಿ. ಹೊರೆ ಎರಡು ಬಗೆ: ಕಟ್ಟುವಾಗಿನದು, ನಡೆಸುವಾಗಿನದು. ಆಸ್ಪತ್ರೆ ರಾತ್ರಿ ಬಾಗಿಲು ಹಾಕುವ ಕಚೇರಿಯಲ್ಲ; ಶಸ್ತ್ರಚಿಕಿತ್ಸೆಯ ಕೋಣೆಯ ಗಾಳಿಯನ್ನು ಗಂಟೆಗೆ ಸುಮಾರು 20 ಸಲ ಬದಲಿಸಬೇಕು. ಜೋಡಿಸಿ ಕಟ್ಟಿದ ಮಾತ್ರಕ್ಕೆ ಹೊರೆ ಇಳಿಯಿತೆಂದು ಬರೆಯಬೇಡಿ.

ಇನ್ನು ಮಾಡ್ಯುಲರ್. ‘ಪೂರ್ವನಿರ್ಮಿತ’ ಎಂಬುದು ಪ್ರೀಫ್ಯಾಬ್. ಬರೀ ಗೋಡೆ ಹಲಗೆಗೂ ಅದು ಸಲ್ಲುತ್ತದೆ. ನಿಮಗೆ ಬೇಕಾದ್ದು ‘ಅಂಕಣ’, ಅಂದರೆ ಕಂಬಗಳ ನಡುವಿನ ಒಂದೊಂದು ಜಾಗ. ಹಳ್ಳಿಯಲ್ಲಿ ಮನೆಯ ಅಳತೆ ಹೇಳುವುದೇ ‘ಎಂಟಂಕಣದ ಮನೆ’, ‘ಹನ್ನೆರಡಂಕಣದ ಮನೆ’ ಎಂದು. ಅನುಕೂಲವಾದಾಗ ಇನ್ನೆರಡು ಅಂಕಣ ಸೇರಿಸುತ್ತಾರೆ. ಮಾಡ್ಯೂಲಿಗೆ ಇದಕ್ಕಿಂತ ಹತ್ತಿರದ ಪದ ನಾನು ಕಂಡಿಲ್ಲ. ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ 1855ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬ್ರೂನೆಲ್ ರೂಪಿಸಿದ ರೆಂಕಿಯೋಯಿ ಆಸ್ಪತ್ರೆ ಹೀಗೇ ಇತ್ತು. ಮರದ ಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ, ಹಡಗೇರಿ ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ದಡಕ್ಕೆ ಹೋದವು. 50 ರೋಗಿಗಳ ಒಂದೊಂದು ವಾರ್ಡು ಮನೆಗೂ ಅದರದೇ ಶೌಚಾಲಯ, ಅದರದೇ ಗಾಳಿಯ ಏರ್ಪಾಡು. ಉದ್ದನೆಯ ಓಣಿಗೆ ತಾಗಿಸಿ ಬೇಕಾದಷ್ಟು ಸೇರಿಸುತ್ತ ಹೋಗಬಹುದಿತ್ತು.

---

ಅಂಕಣ ಎಂದರೆ ಜನಕ್ಕೆ ಪತ್ರಿಕೆಯ ಅಂಕಣ. ಅಲ್ಲದೆ ಅದು ಸಂಸ್ಕೃತದ ಅಂಗಣವೇ.

---

ಅಲ್ಲ. ಅಂಗಣ ಎಂದರೆ ಅಂಗಳ, ಬಯಲು. ಅಂಕಣ ಕಂಬ ಕಂಬಗಳ ನಡುವಿನ ಜಾಗ. ಒಂದರ ತಲೆಗೆ ಇನ್ನೊಂದರ ಟೋಪಿ ಬೇಡ. ‘ಬಿಡಿಜೋಡಣೆ’ ಎಂದರೆ ಸೈಕಲ್ ಅಂಗಡಿಯ ನೆನಪಾಗುತ್ತದೆ. ರೋಗಿ ಆ ಬಾಗಿಲಲ್ಲಿ ಧೈರ್ಯವಾಗಿ ಒಳಗೆ ಹೋಗಬೇಕಲ್ಲ.

---

ಇಬ್ಬರಿಗೂ ವಂದನೆ. ಸಂಜೆ ಕಟ್ಟಡದ ಬಳಿ ವಯಸ್ಸಾದ ಗಾರೆಯವರೊಬ್ಬರನ್ನು ಕೇಳಿದೆ. ಪತ್ರಿಕೆಯ ಮಾತೇ ಬರಲಿಲ್ಲ. ‘ಎಷ್ಟು ಅಂಕಣ ಇಳಿಸ್ತಾರಂತೆ?’ ಎಂದು ನನ್ನನ್ನೇ ಕೇಳಿದರು. ಇಂಗಾಲದ ಸಾಲನ್ನು ಎಂಜಿನಿಯರರಿಂದ ಎರಡೂ ಹೊರೆಯ ಲೆಕ್ಕ ಬರುವ ತನಕ ಬಿಟ್ಟಿದ್ದೇನೆ, ‘ಸುಸ್ಥಿರ’ವನ್ನೂ. ಈಗ ಫಲಕದಲ್ಲಿ ಇಷ್ಟೇ: ‘24 ಅಂಕಣಗಳ ಆಸ್ಪತ್ರೆ. ಕಾರ್ಖಾನೆಯಲ್ಲಿ ಕಟ್ಟಿ, ಇಲ್ಲಿ ಕೂಡಿಸಿದ್ದು.’

---

‘ಅಂಕಣಗಳ’ ಅಲ್ಲ, ‘ಅಂಕಣದ’. ಅಚ್ಚಿಗೆ ಹೋಗುವ ಮುಂಚೆ ತಿದ್ದಿ.