ಲಂಟಾನ ಕಡಿದಷ್ಟೂ ಚಿಗುರುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಬೀಳುಭೂಮಿ: ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಕಾಡಿಗೆ ಹೊಂದಿಕೊಂಡು ನಮ್ಮ ಒಂದೂವರೆ ಎಕರೆ ಬೀಳು ಇದೆ. ಅಲ್ಲಿ ಮತ್ತೆ ನಾಡಗಿಡಗಳನ್ನು ಬೆಳೆಸುವ ಆಸೆ. ಎರಡು ಬೇಸಿಗೆ ಅಲ್ಲಿ ಹಬ್ಬಿರುವ ಲಂಟಾನದ ಕಳೆಪೊದೆಗಳನ್ನು ಮಚ್ಚಿನಲ್ಲಿ ನೆಲಮಟ್ಟಕ್ಕೆ ಸವರಿ, ಒಣಗಿಸಿ, ಬೆಂಕಿ ಇಟ್ಟೆ. ಮಳೆ ಬಿದ್ದದ್ದೇ ತಡ, ಒಂದು ಕಾಂಡವಿದ್ದಲ್ಲಿ ಎಂಟು ಹತ್ತು ಚಿಗುರು! ನೆಟ್ಟ ನೆಲ್ಲಿ, ಹೊಂಗೆ ಸಸಿಗಳು ಹುಡುಕಿದರೂ ಸಿಗುವುದಿಲ್ಲ. ಕಳೆನಾಶಕ ಹೊಡೆಯಿರಿ ಎನ್ನುತ್ತಾರೆ. ಕೆಳಗೇ ಕೆರೆ ಇದೆ, ಮನಸ್ಸು ಬರುತ್ತಿಲ್ಲ.

ಹಳೆಗುದ್ದಲಿ: ನೀವು ಮಾಡಿರುವುದು ಕ್ಷೌರ, ಸ್ವಾಮಿ. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನಿಂದ ಅದು ಚಿಗುರುತ್ತದೆ. ದೆಹಲಿಯ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಇದಕ್ಕೆಂದೇ ಇದೆ. ಬುಡದ ಮಣ್ಣು ಸರಿಸಿ, ಆ ಗಂಟಿನ ಕೆಳಗೆ ತಾಯಿಬೇರಿಗೆ ಪಿಕಾಸಿಯಿಂದ ಬಲವಾದ ಏಟು ಕೊಡಿ. ಪೊದೆಯನ್ನು ಎತ್ತಿ, ಬೇರು ಆಕಾಶ ನೋಡುವಂತೆ ಬೋರಲು ಹಾಕಿ. ಬುಡ ಮಣ್ಣಿಗೆ ತಾಗಬಾರದು. ಕಾಯಿ ಕಟ್ಟುವ ಮೊದಲೇ ಈ ಕೆಲಸ ಮುಗಿಯಲಿ. ಬೆಂಕಿ ಮಾತ್ರ ಬೇಡ. ಹುಲ್ಲು ಸುಟ್ಟು ಬರಿದಾದ ನೆಲ ಲಂಟಾನಕ್ಕೆ ಹಾಸಿಗೆ ಹಾಸಿಕೊಟ್ಟಂತೆ. ಜೆಸಿಬಿ ತಂದು ನೆಲ ಕೆದಕಿದರೂ ಅದೇ ಕಥೆ. 19ನೇ ಶತಮಾನದ ಆರಂಭದಲ್ಲಿ ಅಂದದ ಹೂವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದವರು ಇದನ್ನೆಲ್ಲ ಕಂಡಿದ್ದರೆ!

ಸೀಗೆಪೊದೆ: ಕಾಡಂಚು ಎಂದಿರಿ. ಪೊದೆಯೊಳಗೆ ಹಂದಿಯೋ ಆನೆಯೋ ಇರಬಹುದು. ಸದ್ದು ಮಾಡಿಕೊಂಡು, ಇಬ್ಬರಾದರೂ ಹೋಗಿ. ದನಗಳನ್ನು ಹತ್ತಿರ ಬಿಡಬೇಡಿ, ಎಲೆ ಅವಕ್ಕೆ ವಿಷ.

ಬೀಳುಭೂಮಿ: ಇಪ್ಪತ್ತು ಪೊದೆಗಳ ಮೇಲೆ ಪ್ರಯೋಗಿಸಿದೆ. ಹದಿನೇಳು ಒಣಗಿ ಕಡ್ಡಿಯಾಗಿವೆ. ಚಿಗುರಿದ ಮೂರನ್ನು ಅಗೆದು ನೋಡಿದರೆ, ಏಟು ಗಂಟಿನ ಮೇಲೆ ಬಿದ್ದಿತ್ತು. ಆದರೆ ಬೇವಿನ ಮರದಡಿ ಈಗ ಲಂಟಾನದ ಸಸಿಗಳು ರಾಗಿ ಪೈರಿನಂತೆ ಎದ್ದಿವೆ. ಇವು ಎಲ್ಲಿಂದ ಬಂದವು?

ಹಳೆಗುದ್ದಲಿ: ಪಿಕಳಾರ, ಗೊರವಂಕಗಳು ಹಣ್ಣು ತಿಂದು ಆ ಕೊಂಬೆಯ ಮೇಲೆ ಕೂರುತ್ತವೆ, ಅಷ್ಟೇ. ನೆಲ ಹಸಿಯಿರುವಾಗ ಕೈಯಲ್ಲೇ ಕಿತ್ತರೆ ಬೇರುಸಮೇತ ಬರುತ್ತವೆ. ಇನ್ನೂ ಕೆಲವು ವರ್ಷ ಪ್ರತಿ ಮಳೆಯ ನಂತರ ಇದೇ ಕೆಲಸ. ಒಂದೂವರೆ ಎಕರೆಯನ್ನೂ ಒಟ್ಟಿಗೆ ಬೋಳು ಮಾಡಬೇಡಿ. ಅರ್ಧ ಎಕರೆ ತೆಗೆಯಿರಿ, ಅಲ್ಲಿ ಮೊದಲು ಊರಿನ ಹುಲ್ಲಿನ ಬೀಜ ಚೆಲ್ಲಿ ನೆಲ ಮುಚ್ಚಿಸಿ, ಆಮೇಲೆ ನೆಲ್ಲಿ, ದಿಂಡಿಗ ನೆಡಿ. ಉದ್ದ ಕಾಂಡಗಳನ್ನು ಎಸೆಯಬೇಡಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ, ಬುಟ್ಟಿ ಮಾಡುತ್ತಾರೆ.

ಬೀಳುಭೂಮಿ: ಸರಿ, ಬೇವಿನ ಕಡೆಯ ಅರ್ಧ ಎಕರೆಯಿಂದಲೇ ಶುರು ಮಾಡುತ್ತೇನೆ. ಆ ಮೂರು ಗಂಟುಗಳನ್ನು ಇವತ್ತೇ ಕಿತ್ತೆ.